ಜಂಬೋ ಎಂಬ ದೊಡ್ಡಸ್ತಿಕೆ

ಮನೆ ಕಟ್ಟಿಸಿದವರಿಗೆಲ್ಲ ‘ಜಂಬೋ ಜೆರಾಕ್ಸ್’ ಬೋರ್ಡಿನ ಪರಿಚಯ ಇರುತ್ತದೆ. ಎ ಫೋರ್, ಎ ತ್ರೀ ಎಂದು ಅಚ್ಚುಕಟ್ಟಾಗಿ ನಡೆಯುವ ಲೆಕ್ಕ, ನಕ್ಷೆಯ ಹಾಳೆ ಬಂದೊಡನೆ ಅಂಕಿ ಬಿಟ್ಟು ಆನೆ ಹಿಡಿಯುತ್ತದೆ. ಅಲ್ಲಿನ ದೊಡ್ಡ ಹಾಳೆ 1189 ಮಿ.ಮೀ. ಉದ್ದ, 841 ಮಿ.ಮೀ. ಅಗಲ. ಯಂತ್ರದ ಬಾಯಿಂದ ಅದು ಬೆಚ್ಚಗೆ, ಸುರುಳಿ ಸುತ್ತಿಕೊಳ್ಳುತ್ತಲೇ ಇಳಿಯುತ್ತದೆ. ಅಂಗಡಿಯ ಹುಡುಗ ಎರಡೂ ಕೈ ಚಾಚಿ, ಮದುವೆಮನೆಯ ಅಂತರಪಟದಂತೆ ಹಿಡಿದು ನಿಲ್ಲುತ್ತಾನೆ. “ಎಷ್ಟು ಸಾರ್, ಜಂಬೋ ಎರಡಾ?” ಅನ್ನುವಾಗ ಅವನ ಮುಖ ಕಾಣಿಸುವುದಿಲ್ಲ, ದನಿ ಮಾತ್ರ.

ಆನೆ ಅಂದದ್ದು ಸುಮ್ಮನೆ ಅಲ್ಲ. ಈ ಪದ ಲೋಕ ಸುತ್ತಿದ್ದೇ ಒಂದು ಆನೆಯ ಬೆನ್ನೇರಿ. ಆಫ್ರಿಕಾದಲ್ಲಿ ಮರಿಯಾಗಿದ್ದಾಗಲೇ ಸೆರೆಸಿಕ್ಕು, ಪ್ಯಾರಿಸ್ಸಿಗೆ ಹೋಗಿ, 1865ರಲ್ಲಿ ಲಂಡನ್ನಿನ ಮೃಗಾಲಯ ಸೇರಿದ ಜಂಬೋ ಅಲ್ಲಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿತು. 1882ರಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಪಿ.ಟಿ. ಬಾರ್ನಮ್ 2,000 ಪೌಂಡಿಗೆ ಅದನ್ನು ಕೊಂಡಾಗ ಇಂಗ್ಲೆಂಡಿನಲ್ಲಿ ಹಾಹಾಕಾರ. ಮಾರಬೇಡಿ ಎಂದು ಶಾಲೆಮಕ್ಕಳು ವಿಕ್ಟೋರಿಯಾ ರಾಣಿಗೇ ಕಾಗದ ಬರೆದರು. ಮೂರೇ ವರ್ಷ. 1885ರ ಸೆಪ್ಟೆಂಬರಿನಲ್ಲಿ ಕೆನಡಾದ ಸೇಂಟ್ ಥಾಮಸ್ ಊರಿನ ರೈಲುಹಳಿಯ ಮೇಲೆ ಗೂಡ್ಸ್ ರೈಲು ಬಡಿದು ಸತ್ತಿತು. ಬಾರ್ನಮ್ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಚರ್ಮಕ್ಕೆ ತುಂಬಿಸಿ ಒಂದು ಜಂಬೋ, ಮೂಳೆ ಜೋಡಿಸಿ ಇನ್ನೊಂದು ಜಂಬೋ ಮಾಡಿ ಎರಡನ್ನೂ ಊರೂರು ತಿರುಗಿಸಿದ. ಬದುಕಿದ್ದಾಗ ಸುಮಾರು 11 ಅಡಿ ಇದ್ದದ್ದು ಜಾಹೀರಾತಿನಲ್ಲಿ ಇನ್ನೂ ಎತ್ತರವಾಗಿತ್ತು. ನನ್ನ ಮಟ್ಟಿಗೆ ಈ ಪದದ ಗುಣ ಅಲ್ಲೇ ಕೆಟ್ಟಿತು. ನಮ್ಮ ‘ಜಂಬ’ಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲದಿರಬಹುದು, ಆದರೆ ಜಂಬೋ ಪ್ಯಾಕ್ ಚಿಪ್ಸ್ ಒಡೆದು ‘ಪುಸ್’ ಎಂದು ಗಾಳಿ ಹೋಗಿ, ತಳದಲ್ಲಿ ಒಂದು ಹಿಡಿ ಉಳಿದಾಗ ನೆಂಟಸ್ತಿಕೆ ಇದೆ ಅನ್ನಿಸದೆ ಇರದು.

ವಿಮಾನದ ವಿಷಯದಲ್ಲಿ ಮೋಸವಿಲ್ಲ. 1969ರ ಫೆಬ್ರುವರಿಯಲ್ಲಿ ಮೊದಲು ಹಾರಿದ ಬೋಯಿಂಗ್ 747 ನಿಜಕ್ಕೂ ಜಂಬೋ. ನಮ್ಮ ಏರ್ ಇಂಡಿಯಾ 1971ರಲ್ಲಿ ತಂದ ಮೊದಲನೆಯದಕ್ಕೆ ‘ಎಂಪರರ್ ಅಶೋಕ’ ಎಂದೇ ಹೆಸರಿಟ್ಟಿತು. ಅಷ್ಟು ದೊಡ್ಡದಕ್ಕೆ ಚಕ್ರವರ್ತಿಗಿಂತ ಕಡಿಮೆಯ ಹೆಸರು ಒಗ್ಗುತ್ತಿರಲಿಲ್ಲವೇನೋ.

ಆ ವಿಮಾನದಿಂದ ಪದ ಇಳಿದದ್ದು ನಮ್ಮ ಅನಿಲ್ ಕುಂಬ್ಳೆ ಹೆಗಲಿಗೆ. ದೆಹಲಿಯ ಕೋಟ್ಲಾದಲ್ಲಿ ಇರಾನಿ ಪಂದ್ಯ ಆಡುವಾಗ ತಮ್ಮದೊಂದು ಚೆಂಡು ನೆಲದಿಂದ ಚಂಗನೆ ಎದ್ದಿತೆಂದೂ, ಮಿಡ್ ಆನ್‌ನಲ್ಲಿದ್ದ ಸಿಧು ‘ಜಂಬೋ ಜೆಟ್’ ಎಂದು ಕೂಗಿದರೆಂದೂ, ಜೆಟ್ ಬಿದ್ದುಹೋಗಿ ಜಂಬೋ ಉಳಿಯಿತೆಂದೂ ಅವರೇ ಹೇಳಿದ್ದಾರೆ. ಕನ್ನಡಕ ಹಾಕಿಕೊಂಡು ಇಂಜಿನಿಯರಿಂಗ್ ಓದಿದ ಸಣಕಲು ಹುಡುಗನಿಗೆ ಆನೆಯ ಹೆಸರು! ಅದೇ ಕೋಟ್ಲಾದಲ್ಲಿ 1999ರಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟು 74 ರನ್ನಿಗೆ ಕಿತ್ತರು. ಟೆಸ್ಟಿನಲ್ಲಿ ಒಟ್ಟು 619. ದವಡೆ ಮುರಿದು ಮುಖಕ್ಕೆ ಪಟ್ಟಿ ಸುತ್ತಿಕೊಂಡು ಆಂಟಿಗಾದಲ್ಲಿ ಬೌಲ್ ಮಾಡಿ ಲಾರಾನನ್ನು ಔಟ್ ಮಾಡಿದ್ದು ಇದೇ ಮನುಷ್ಯ. ಚಿಪ್ಸಿನವರು ಕೆಡಿಸಿದ ಮಾನವನ್ನು ಒಬ್ಬ ಸ್ಪಿನ್ನರ್ ಉಳಿಸಿಕೊಟ್ಟ.

ಮೈಸೂರಿನ ಜಂಬೂ ಸವಾರಿಯನ್ನು ಇದರ ಬಾಲಕ್ಕೆ ಕಟ್ಟುವವರಿದ್ದಾರೆ. 750 ಕೆ.ಜಿ. ಅಂಬಾರಿ ಹೊತ್ತು ಬನ್ನಿಮಂಟಪಕ್ಕೆ ನಡೆಯುವ ಅಭಿಮನ್ಯುವನ್ನು ನೋಡಿ ‘ಓ, ಜಂಬೋ ಸಫಾರಿ’ ಅನ್ನುವ ಪ್ರವಾಸಿಗೆ ಏನು ಹೇಳುವುದು? ದಾರಿ ಬಿಡಿ ಅನ್ನಬೇಕು, ಅಷ್ಟೆ.

ಇನ್ನು ರಾಜಕೀಯ. ಒಂದು ಕಾಲಕ್ಕೆ ‘ಜಂಬೋ ಸಂಪುಟ’ ಎಂಬುದು ಪತ್ರಿಕೆಗಳ ನಿತ್ಯದ ಮಾತು. 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಬಂದು, ಸದನದ ಬಲದ ಶೇ. 15ಕ್ಕಿಂತ ಹೆಚ್ಚು ಮಂತ್ರಿಗಳು ಕೂಡದು ಎಂದಿತು. 224 ಸ್ಥಾನಗಳ ನಮ್ಮ ವಿಧಾನಸಭೆಗೆ ಮುಖ್ಯಮಂತ್ರಿಯೂ ಸೇರಿ 34. ಪಕ್ಷದ ಪದಾಧಿಕಾರಿಗಳಿಗೆ ಮಾತ್ರ ಯಾವ ತಿದ್ದುಪಡಿಯೂ ತಟ್ಟಿಲ್ಲ; ಅವರ ಜಂಬೋ ಪಟ್ಟಿಯಲ್ಲಿ ಉಪಾಧ್ಯಕ್ಷರು ಮುಗಿದು ಕಾರ್ಯದರ್ಶಿಗಳು ಶುರುವಾಗುವ ಹೊತ್ತಿಗೆ ನಮ್ಮ ಕಾಫಿ ಆರಿರುತ್ತದೆ.