ಅಪ್ರಿಸಿಟಿಯ ಸುಳ್ಳು ವಂಶಾವಳಿ

ಇಂದು ಬೆಳಿಗ್ಗೆ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ‘ದಿನಕ್ಕೊಂದು ಅಪರೂಪದ ಇಂಗ್ಲಿಷ್ ಪದ’ ಅಪ್ರಿಸಿಟಿ ಎಂಬುದಾಗಿತ್ತು. ಚಳಿಗಾಲದ ಬಿಸಿಲಿನ ಬಿಸುಪು ಎಂಬ ಅರ್ಥವನ್ನು ಸರಿಯಾಗಿಯೇ ಕೊಟ್ಟಿದ್ದರು. ಅದರ ಕೆಳಗೆ, ಹಿಂದಿನ ಇಂಗ್ಲಿಷರು ಬಿಸಿಲು ಕಾಯಿಸಲು ಅಂಗಳಕ್ಕೆ ಬಂದಾಗಲೆಲ್ಲ ಈ ಮಾತನ್ನಾಡುತ್ತಿದ್ದರು ಎಂದೂ ಬರೆದಿದ್ದರು. ನನ್ನ ಕಾಫಿ ಆರಿಹೋಗುವುದಕ್ಕೆ ಇಷ್ಟು ಸಾಕೆಂದು ನನ್ನನ್ನು ಬಲ್ಲ ನಿಮಗೆ ಹೇಳಬೇಕಾಗಿಲ್ಲ.

ಆಡುತ್ತಿದ್ದವರು ಯಾರು? ಈ ಪದ ಮೊದಲು ಕಾಣಿಸಿಕೊಳ್ಳುವುದು 1623ರಲ್ಲಿ ಹೆನ್ರಿ ಕಾಕರಮ್ ಪ್ರಕಟಿಸಿದ ಕಠಿಣ ಪದಗಳ ನಿಘಂಟಿನಲ್ಲಿ. ಅವನೇ ಅದನ್ನು ಕಟ್ಟಿರಬಹುದೆಂಬ ಅನುಮಾನವೂ ಉಂಟು. ಲ್ಯಾಟಿನ್ ಪದಕ್ಕೆ ಇಂಗ್ಲಿಷ್ ಬಾಲ ಅಂಟಿಸಿ ನಿಘಂಟಿಗೆ ಸೇರಿಸುವುದು ಆ ಕಾಲದಲ್ಲಿ ವಿದ್ವತ್ತೆನಿಸಿಕೊಂಡಿತ್ತು. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಅದರಲ್ಲಿರುವ ಎಷ್ಟೋ ಪದಗಳಿಗೆ ಹಳೆಯ ನಿಘಂಟುಗಳೇ ಆಧಾರವೆಂದೂ, ಬೇರೆ ಯಾವ ಪುಸ್ತಕದಲ್ಲಾದರೂ ಅವು ಸಿಗುತ್ತವೆಂದು ತನಗೆ ಖಾತ್ರಿಯಿಲ್ಲವೆಂದೂ ಮುನ್ನುಡಿಯಲ್ಲೇ ಒಪ್ಪಿಕೊಂಡ. ನಮ್ಮ ಗುಂಪಿನ ಪದಪ್ರೇಮಿಗಳಿಗೆ ಮಾತ್ರ ಅಂಥ ಅನುಮಾನಗಳ ಕಾಟವಿಲ್ಲ.

ಕಳೆದ ವಾರ ಬಂದಿದ್ದು ಊಟ್‌ಕ್ಯಾರೆ. ಬೆಳಗಿನ ಜಾವ ಎಚ್ಚರವಾಗಿ ಆಫೀಸಿನ ಕೆಲಸವನ್ನು ನೆನೆದು ಕೊರಗುವುದಕ್ಕೆ ಪ್ರಾಚೀನರು ಬಳಸುತ್ತಿದ್ದ ಪದವಂತೆ! ಹಳೆಯ ಇಂಗ್ಲಿಷಿನಲ್ಲಿ ಉಳಿದುಬಂದಿರುವ ಬರಹಗಳನ್ನೆಲ್ಲ ಜಾಲಾಡಿದರೂ ಅದು ಸಿಗುವುದು ಒಂದೇ ಕಡೆ, ಹತ್ತನೆಯ ಶತಮಾನದ ಎಕ್ಸೆಟರ್ ಹಸ್ತಪ್ರತಿಯಲ್ಲಿರುವ ಹೆಂಡತಿಯೊಬ್ಬಳ ಪ್ರಲಾಪದ ಕವಿತೆಯಲ್ಲಿ. ಕಡಲು ದಾಟಿ ಹೋದ ಗಂಡ ಯಾವ ನಾಡಿನಲ್ಲಿದ್ದಾನೋ ಎಂದು ನಸುಕಿನಲ್ಲಿ ಕುದಿಯುವ ಅವಳ ಸಂಕಟವನ್ನು ಸೋಮವಾರದ ಮೀಟಿಂಗಿನ ತಳಮಳಕ್ಕೆ ಇಳಿಸಿದವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಪದವನ್ನು ಸವಿಯಿರಿ, ವಂಶಾವಳಿ ನಿಮಗೇಕೆ ಎಂದು ನನ್ನ ಮಗಳು ಕೇಳುತ್ತಾಳೆ. ಸವಿಯಲಿ, ಬೇಡವೆಂದವರಾರು? ಒಬ್ಬ ನಿಘಂಟುಕಾರನ ಪುಟದಲ್ಲಿ ಕುಳಿತ ಪದವನ್ನು ಇಡೀ ನಾಡಿನ ಬಾಯಲ್ಲಿತ್ತೆಂದು ಹೇಳಿದರೆ ಅದು ಸವಿಯಲ್ಲ, ಸುಳ್ಳು. ನಿಘಂಟನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ಸಾಂದ್ರತೆ ಎಂಬ ಅರ್ಥದ ಡಾರ್ಡ್ ಎಂಬ ಪದವಿತ್ತು. ಸಾಂದ್ರತೆಗೆ ದೊಡ್ಡ ಡಿ ಅಥವಾ ಚಿಕ್ಕ ಡಿ ಎಂಬ ಸಂಕೇತವನ್ನು ಸೂಚಿಸುವ ಚೀಟಿಯಲ್ಲಿದ್ದ ‘ಡಿ ಆರ್ ಡಿ’ಯನ್ನು ಕೂಡಿಸಿ ಓದಿದ್ದರಿಂದ ಹುಟ್ಟಿದ ಆ ಪದ ಸಂಪಾದಕರ ಕಣ್ಣಿಗೆ ಬಿದ್ದದ್ದು 1939ರಲ್ಲಿ.

ಇಷ್ಟು ಬೈಯುವ ನಾನೇನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ತರಗತಿಯಲ್ಲಿ ಪದೇಪದೇ ಪ್ರಶ್ನೆ ಕೇಳುತ್ತಿದ್ದ ಹುಡುಗನೊಬ್ಬನ ಬಾಯಿ ಮುಚ್ಚಿಸಲು ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಎಂಬ 29 ಅಕ್ಷರಗಳ ಪದವನ್ನೆಸೆದು ಅರ್ಥ ಹುಡುಕಿ ತರಲು ಹೇಳಿದ್ದೆ. ಯಾವುದನ್ನಾದರೂ ಕವಡೆ ಕಿಮ್ಮತ್ತಿನದೆಂದು ತಳ್ಳಿಹಾಕುವುದು ಎಂದು ಅದರ ಅರ್ಥ. ಲ್ಯಾಟಿನ್ ವ್ಯಾಕರಣದ ನಾಲ್ಕು ಪದಗಳನ್ನು ಪೋಣಿಸಿ ಮಾಡಿದ ಹದಿನೆಂಟನೆಯ ಶತಮಾನದ ತಮಾಷೆ. ಹುಡುಗ ಎರಡು ದಿನ ಗ್ರಂಥಾಲಯದಲ್ಲಿ ಕುಳಿತು, ಅಲ್ಲಿದ್ದ ಮೂರೂ ನಿಘಂಟುಗಳನ್ನು ತಿರುವಿಹಾಕಿ ಬಂದು, “ಸರ್, ಅಂಥ ಪದ ಎಲ್ಲಿಯೂ ಇಲ್ಲ, ನೀವು ಎಲ್ಲಿ ಓದಿದಿರಿ?” ಎಂದ. ನಾನು ಇಡೀ ತರಗತಿಯ ಜೊತೆ ಸೇರಿ ನಕ್ಕೆ. ಅಂದಿನಿಂದ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ.