ಏಳು ಭಾಷೆಗೆ ಏಳು ಮೀನು

ನಮ್ಮ ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಅಂತ ಹೆಸರು. ಭಾಷಣದಲ್ಲಿ ಹೇಳಿ ಹೇಳಿ ಸಾಕಾಗಿತ್ತೋ ಏನೋ, ಈ ಸಲ ಒಂದು ಕಚೇರಿಯವರು ಅದನ್ನು ನೀರಿಗೇ ಹಾಕಿದರು. ಕೌಂಟರಿನ ಎದುರು 2 ಅಡಿಯ ಗಾಜಿನ ತೊಟ್ಟಿ. ಭಾಷೆಗೊಂದರಂತೆ ಏಳು ಜಾತಿಯ ಏಳು ಮೀನು. ಮೇಲೊಂದು ಬೋರ್ಡು. ಮಲಯಾಳದಲ್ಲಿ ನಾಲ್ಕು ಸಾಲು, ಕನ್ನಡದಲ್ಲಿ ಒಂದೇ: ‘ಮೀನುಗಳು ಮುಟ್ಟಬಾರದು.’

‘ಮೀನುಗಳನ್ನು’ ಆಗಬೇಕಿತ್ತು, ಬಿಡಿ. ಆದರೆ ಆ ತೊಟ್ಟಿಯ ವಿಷಯದಲ್ಲಿ ಯಾರಾದರೂ ಕೊಟ್ಟ ಸರಿಯಾದ ಸಲಹೆ ಅದೊಂದೇ. ಓದಬೇಕಾದವರಿಗೆ ಕನ್ನಡ ಬರುತ್ತಿರಲಿಲ್ಲ.

ನಾನು ಹೋದದ್ದು ಒಂದು ಅರ್ಜಿ ಹಿಡಿದುಕೊಂಡು. ಕನ್ನಡದಲ್ಲೇ ಬರೆದಿದ್ದೆ. ಇಲ್ಲಿಯ ಕನ್ನಡಿಗರು ಕಚೇರಿಗೆ ಕನ್ನಡದಲ್ಲೇ ಬರೆಯಬಹುದು ಅಂತ 1969ರ ಕೇರಳದ ಕಾಯ್ದೆಯಲ್ಲೇ ಇದೆ. ಕೌಂಟರಿನವರು ಕಾಗದವನ್ನು ಅತ್ತಿತ್ತ ತಿರುಗಿಸಿ, "ಕನ್ನಡ ಗೊತ್ತಿರುವವರು ರಜೆಯಲ್ಲಿದ್ದಾರೆ, ಮುಂದಿನ ತಿಂಗಳು ಬನ್ನಿ" ಎಂದರು. ಸರಿ, ಮೀನು ನೋಡುತ್ತಾ ನಿಂತೆ.

ಗೋಲ್ಡ್ ಫಿಶ್, ಏಂಜೆಲ್, ಟೈಗರ್ ಬಾರ್ಬ್, ನಿಯಾನ್ ಟೆಟ್ರಾ, ಫೈಟರ್, ಗಾಜು ನೆಕ್ಕುವ ಸಕ್ಕರ್. ಏಳನೆಯದು ಹೆಬ್ಬೆರಳುದ್ದದ ಆಸ್ಕರ್ ಮರಿ. ಮೀನು ಸಾಕಿದವರಿಗೆ ಇಷ್ಟು ಓದಿದರೇ ಎದೆ ಧಸಕ್ ಅನ್ನುತ್ತದೆ. ಟೈಗರ್ ಬಾರ್ಬ್ ಒಂಟಿಯಾದರೆ ಪರರ ಬಾಲವೇ ಅದಕ್ಕೆ ಚಕ್ಕುಲಿ. ನಿಯಾನಿಗೆ ಕಡಿಮೆಯೆಂದರೂ 6 ಜನ ಸಂಗಾತಿಗಳು ಬೇಕು, ಇಲ್ಲದಿದ್ದರೆ ಹೆದರಿ ಗಿಡದ ಹಿಂದೆಯೇ ಇರುತ್ತದೆ. ಆಸ್ಕರ್ ಬೆಳೆದರೆ 1 ಅಡಿ. ಅದರ ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಊಟ.

"ಯಾರು ಆರಿಸಿದ್ದು ಮಾರಾಯ್ರೇ?"

"ಕಮಿಟಿ. ಯಾರಿಗೂ ಅನ್ಯಾಯ ಆಗಬಾರದು ಅಂತ ಒಂದೊಂದೇ."

ಕಮಿಟಿಯಲ್ಲಿ ಜಗಳವಾದದ್ದು ಒಂದೇ ವಿಷಯಕ್ಕಂತೆ. ಗೋಲ್ಡ್ ಫಿಶ್ ಯಾವ ಭಾಷೆಯದು ಅಂತ. ಏಳೂ ಭಾಷೆಯವರು ತಮ್ಮದೇ ಎಂದರು. ಕೊನೆಗೆ ಯಾವ ಮೀನು ಯಾವ ಭಾಷೆ ಅನ್ನುವುದನ್ನು ಖಾಲಿ ಬಿಟ್ಟು ನಿರ್ಣಯ ಪಾಸು ಮಾಡಿದರು. ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದು ಅಜೆಂಡಾದಲ್ಲೇ ಇರಲಿಲ್ಲ.

ಹೊಸ ತೊಟ್ಟಿಗೆ ನೀರು ತುಂಬಿ ನಾಲ್ಕಾರು ವಾರ ಕಾಯಬೇಕು. ಮೀನಿನ ಹೇಸಿಗೆಯಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ಇಲ್ಲಿ ಬೆಳಿಗ್ಗೆ ನೀರು, ಮಧ್ಯಾಹ್ನ ಮೀನು, ಸಂಜೆ ಉದ್ಘಾಟನೆ. ನನ್ನ ಅರ್ಜಿಗೆ ಮಾತ್ರ ಕಾಯುವ ನಿಯಮ.

"ನಮ್ಮ ಚಂದ್ರಗಿರಿ ಹೊಳೆಯ ಮೀನೇ ಇದೆಯಲ್ಲ, ಮಿಸ್ ಕೇರಳ? ಮೈಮೇಲೆ ಕೆಂಪು ಗೆರೆ. ಹೊರದೇಶದವರೂ ಆಸೆಪಟ್ಟು ಸಾಕುತ್ತಾರೆ. ದೊಡ್ಡ ತೊಟ್ಟಿ ಮಾಡಿ, ಸಾಕಣೆಯಲ್ಲಿ ಹುಟ್ಟಿದ ಮರಿಗಳ ಒಂದು ಗುಂಪು ಬಿಡಬಹುದಿತ್ತು" ಎಂದೆ.

"ಅದು ಲೋಕಲ್ ಅಲ್ವಾ?" ಎಂದರು. ಬೇಡ ಅನ್ನುವುದಕ್ಕೆ ಅಷ್ಟು ಸಾಕು.

ಎರಡನೆಯ ಭೇಟಿಗೆ ನಿಯಾನ್ ಇರಲಿಲ್ಲ. ಕೇಳಿದರೆ, ಗಿಡದ ಹಿಂದೆ ಇದೆ ಎಂದರು. ಇದ್ದದ್ದು ಆಸ್ಕರಿನ ಹೊಟ್ಟೆಯಲ್ಲಿ. ಏಂಜೆಲಿನ ಉದ್ದ ರೆಕ್ಕೆ ಹಳೇ ಛತ್ರಿಯ ಹಾಗೆ ಚಿಂದಿಯಾಗಿತ್ತು. ಮೂರನೆಯ ಸಲಕ್ಕೆ ಫೈಟರ್ ಇಲ್ಲ, ಬಾರ್ಬ್ ಇಲ್ಲ, ಗೋಲ್ಡ್ ಫಿಶ್ ಮೇಲೆ ತೇಲುತ್ತಿತ್ತು. ಅದನ್ನು ತೆಗೆಯುವುದು ಯಾವ ಸೆಕ್ಷನ್ನಿನ ಕೆಲಸ ಅಂತ ಫೈಲು ಓಡಾಡುತ್ತಿತ್ತು. ನನ್ನ ಅರ್ಜಿಯೂ ಅದರ ಅಡಿಯಲ್ಲೇ ಎಲ್ಲೋ ಇತ್ತು.

ಮೊನ್ನೆ ನಾಲ್ಕನೆಯ ಸಲ ಹೋದೆ. ಅರ್ಜಿ ವಾಪಸ್ ಬಂತು, ಮಲಯಾಳ ಅನುವಾದ ಲಗತ್ತಿಸಿ ಅಂತ. ತೊಟ್ಟಿಯಲ್ಲಿ ಅಂಗೈಗಿಂತ ದೊಡ್ಡದಾದ ಆಸ್ಕರ್ ಒಂದೇ, ಗಾಜಿಗೆ ಮೂತಿ ಒತ್ತಿ ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಿತ್ತು. ಬೋರ್ಡು ಹಾಗೇ ಇತ್ತು.

"ಇದು ಯಾವ ಭಾಷೆಯ ಮೀನು?" ಅಂತ ಸುಮ್ನೆ ಕೇಳಿದೆ.

"ಎಂಕ್ಲೆನ ಅತ್ತ್", ನಮ್ಮದಲ್ಲ, ಎಂದರು ಹಿಂದಿದ್ದ ತುಳುವರು. ಅವರ ಹಿಂದಿದ್ದವರು ಅದನ್ನೇ ಮಲಯಾಳದಲ್ಲಿ ಹೇಳಿದರು. ಆಮೇಲೆ ಕೊಂಕಣಿ, ಮರಾಠಿ, ಉರ್ದು, ಬ್ಯಾರಿ. ಎಲ್ಲರೂ ನನ್ನ ಮುಖ ನೋಡಿದರು.

"ನಮ್ಮದಂತೂ ಅಲ್ಲಪ್ಪ" ಎಂದೆ.