ಸಾಕಿದ ಸಾಲ್ಮನ್ ನಮಗೆ ಬೇಕೇ?

ಪರ

ಹುಬ್ಬಳ್ಳಿಯ ಅಂಗಡಿಯ ಫ್ರೀಜರಿನಲ್ಲಿ ಕೇಸರಿ ಬಣ್ಣದ ಸಾಲ್ಮನ್ ಮೀನಿನ ತುಂಡು ಕಂಡರೆ ಸಾಕು, ಬಣ್ಣ ಹಾಕಿದ್ದಾರೆಂದು ಮೂಗು ಮುರಿಯುವವರಿದ್ದಾರೆ. ಕಾಡು ಸಾಲ್ಮನ್ ಸಿಗಡಿಯಂಥ ಜೀವಿಗಳನ್ನು ತಿಂದು ಪಡೆಯುವ ಅಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯವನ್ನೇ ಸಾಕಣೆದಾರರು ಮೇವಿನಲ್ಲಿ ಬೆರೆಸುತ್ತಾರೆ. ತುಂಡಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ಸಾಕಿದ ಮೀನಿಗೆ ಔಷಧ ಸುರಿಯುತ್ತಾರೆಂಬ ಆರೋಪವೂ ನಾರ್ವೆಯ ಮಟ್ಟಿಗೆ ಹಳಸಿದೆ. 1987ರಲ್ಲಿ ಸುಮಾರು 50 ಟನ್ ಆ್ಯಂಟಿಬಯೋಟಿಕ್ ಸುರಿದಿದ್ದ ಆ ದೇಶ, ಮರಿಗಳಿಗೆ ಲಸಿಕೆ ಹಾಕುವ ಪದ್ಧತಿ ಬಂದ ಮೇಲೆ, ವರ್ಷಕ್ಕೆ 12 ಲಕ್ಷ ಟನ್ನಿಗೂ ಮಿಕ್ಕಿ ಮೀನು ಬೆಳೆದರೂ ಒಂದು ಟನ್ನಿಗಿಂತ ಕಡಿಮೆ ಔಷಧದಲ್ಲಿ ನಿಭಾಯಿಸುತ್ತಿದೆ. ಒಂದು ಕಿಲೋ ಮೀನಿಗೆ ಸುಮಾರು ಒಂದೂಕಾಲು ಕಿಲೋ ಮೇವು ಸಾಕು. ಕುರಿಗೆ ಎಷ್ಟು ಬೇಕೆಂಬುದನ್ನು ಗದಗ-ಹಾವೇರಿ ಸೀಮೆಯ ಕುರಿಗಾರರಿಗೆ ಹೇಳಿಕೊಡಬೇಕಾಗಿಲ್ಲ.

ವಿರೋಧ

ಮೇವಿನ ಲೆಕ್ಕ ಸರಿ, ಆದರೆ ಮೇವಿನಲ್ಲಿ ಏನಿದೆ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಸಾಲ್ಮನ್ ಮಾಂಸಾಹಾರಿ. ಅದರ ಮೇವಿಗೆ ಬೇಕಾದ ಮೀನೆಣ್ಣೆಯಲ್ಲಿ ಒಂದು ಪಾಲು ಪಶ್ಚಿಮ ಆಫ್ರಿಕಾದ ಕರಾವಳಿಯಿಂದ, ಅಲ್ಲಿಯ ಬಡವರು ಉಣ್ಣಬೇಕಾದ ಸಣ್ಣ ಮೀನುಗಳಿಂದ ಬರುತ್ತದೆ. ಸಾಕಿದ ಸಾಲ್ಮನ್‌ನಲ್ಲಿ ಪಿಸಿಬಿಯಂಥ (ಕಾರ್ಖಾನೆಗಳಿಂದ ಪರಿಸರ ಸೇರಿದ ರಾಸಾಯನಿಕ) ವಿಷಗಳು ಕಾಡು ಮೀನಿಗಿಂತ ಹೆಚ್ಚಿವೆಯೆಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೇವಿನಲ್ಲಿ ಮೀನೆಣ್ಣೆಯ ಬದಲು ಸಸ್ಯದೆಣ್ಣೆ ಹೆಚ್ಚಿದಂತೆ ಆ ವಿಷವೇನೋ ತಗ್ಗಿತು. ಆದರೆ 2006ರಿಂದ 2015ರ ನಡುವೆ ಸ್ಕಾಟ್ಲೆಂಡಿನ ಸಾಕಣೆ ಸಾಲ್ಮನ್‌ನಲ್ಲಿ, ನಾವು ದುಡ್ಡು ಕೊಡುವುದೇ ಯಾವುದಕ್ಕೋ ಆ ಒಮೆಗಾ-3 ಕೊಬ್ಬೂ ಅರ್ಧಕ್ಕಿಳಿಯಿತು.

ಇನ್ನು ಸಾಕುವ ಬಗೆ. ಸಮುದ್ರದಲ್ಲಿ ತೇಲುವ ಬಲೆಪಂಜರದಿಂದ ಹಿಕ್ಕೆಯೂ ತಿಂದುಳಿದ ಮೇವೂ ನೇರ ತಳಕ್ಕಿಳಿಯುತ್ತವೆ. ಒತ್ತೊತ್ತಾಗಿ ಈಜುವ ಮೀನುಗಳ ಚರ್ಮ, ರಕ್ತ ತಿನ್ನುವ ಸಾಲ್ಮನ್ ಹೇನು ಅಲ್ಲಿ ಹುಲುಸಾಗಿ ಬೆಳೆದು, ನದಿಯಿಂದ ಕಡಲಿಗೆ ಹೊರಟ ಕಾಡು ಮರಿಗಳಿಗೂ ಹತ್ತುತ್ತದೆ. ಅದನ್ನು ಬಿಡಿಸಲು ತಣ್ಣೀರಿನ ಈ ಮೀನನ್ನು ಬೆಚ್ಚನೆಯ ನೀರಿನಲ್ಲಿ ಹಾಯಿಸುತ್ತಾರೆ. ಸಾಯುವವು ಅಲ್ಲಿಯೂ ಸಾಯುತ್ತವೆ. ಹೇನು, ರೋಗ, ಗಾಯ ಎಲ್ಲ ಸೇರಿ 2023ರಲ್ಲಿ ನಾರ್ವೆಯ ಕಡಲ ಪಂಜರಗಳಲ್ಲಿ ಸತ್ತ ಸಾಲ್ಮನ್ 6 ಕೋಟಿಗೂ ಹೆಚ್ಚು. ಲಸಿಕೆಯ ಹೆಮ್ಮೆ ಹೇಳುವವರು ಈ ಅಂಕಿಯ ಬಳಿ ಬರುವುದಿಲ್ಲ. 2017ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪಂಜರವೊಂದು ಕುಸಿದು ಎರಡು ಲಕ್ಷಕ್ಕೂ ಹೆಚ್ಚು ಅಟ್ಲಾಂಟಿಕ್ ಸಾಲ್ಮನ್‌ಗಳು ಪೆಸಿಫಿಕ್‌ಗೆ ನುಗ್ಗಿದವು. ಮರುವರ್ಷವೇ ಆ ರಾಜ್ಯ ಪರತಳಿಯ ಸಾಕಣೆ ನಿಲ್ಲಿಸುವ ಕಾನೂನು ತಂದಿತು.

ಮೀನು ಸಾಕಣೆಯೇ ಕೆಟ್ಟದ್ದೆಂದು ನನ್ನ ವಾದವಲ್ಲ. ಹಾನಗಲ್ಲ ಕಡೆಯ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹು ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನೂ ಪಾಚಿಯನ್ನೂ ತಿಂದು, ಮೇಲೊಂದಿಷ್ಟು ಅಕ್ಕಿ ತೌಡು, ಶೇಂಗಾ ಹಿಂಡಿ ಹಾಕಿದರೆ ದಪ್ಪಗಾಗುತ್ತವೆ. ಅವುಗಳಿಗಾಗಿ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಯಾರೂ ಬಲೆ ಬೀಸಬೇಕಾಗಿಲ್ಲ.